ಮೂಸೆಗೆ ಹಾಕುವ ಮೊದಲು ಪದಕದ ಅಂಚು ಓದಿ

ರಬಕವಿಯಲ್ಲಿ ಮೂವತ್ತೆರಡು ವರ್ಷದಿಂದ ಪತ್ತಾರಿಕೆ ನನ್ನ ಕಸುಬು. ನೇಕಾರರ ಮನೆಗಳಿಂದ ಕಾಲುಂಗುರ, ಉಡದಾರ ಬರುತ್ತವೆ. ಆಗೊಮ್ಮೆ ಈಗೊಮ್ಮೆ ಹಳೆಯ ದಂಡಿನ ಪದಕವೂ ಬರುತ್ತದೆ. ಅವುಗಳಿಂದ ಕಲಿತದ್ದು ಇಷ್ಟು.

1. ತೂಗುವ ಮೊದಲು ಅಂಚು ನೋಡಬೇಕು. ಮುಧೋಳ ಕಡೆಯ ಅಜ್ಜಿಯೊಬ್ಬರು ಅರಿವೆಯ ಗಂಟು ಬಿಚ್ಚಿ, "ಮೊಮ್ಮಗಳಿಗೆ ಕಾಲ್ಗೆಜ್ಜಿ ಮಾಡಿಕೊಡ್ರಿ" ಎಂದು ಬೆಳ್ಳಿ ಬಿಲ್ಲೆಯೊಂದನ್ನು ಮುಂದಿಟ್ಟರು. ಒಂದು ಮೈಯಲ್ಲಿ ಐದನೇ ಜಾರ್ಜ್, ಇನ್ನೊಂದರಲ್ಲಿ ಕುದುರೆಯೇರಿದ ಬರಿಮೈ ಆಳು, 1914, 1918. ಭೂತಗನ್ನಡಿ ಹಿಡಿದು ಅಂಚು ತಿರುಗಿಸಿದೆ. ನಂಬರು, ಸಿಪಾಯಿ ಎಂಬ ಹುದ್ದೆ, ಹೆಸರು, 110ನೇ ಮರಾಠಾ ಪಲ್ಟನ್. ಇಂಗ್ಲಿಷ್ ಕಾರಕೂನ ಕಿವಿಗೆ ಬಿದ್ದಂತೆ ಬರೆದ ಹೆಸರು. ಎರಡು ಸಲ ಗಟ್ಟಿಯಾಗಿ ಓದಿದೆ. "ನಮ್ಮ ಮಾವನವರ ಅಪ್ಪನ ಹೆಸರರೀ ಅದು" ಎಂದು ಅಜ್ಜಿ ಬಿಲ್ಲೆಯನ್ನು ಕಣ್ಣಿಗೆ ಒತ್ತಿಕೊಂಡರು. ಆ ಪಲ್ಟನ್ 1916ರ ಏಪ್ರಿಲ್‌ನಲ್ಲಿ ಮೆಸಪೊಟೇಮಿಯಾದ ಕುತ್ ಊರಲ್ಲಿ ತುರ್ಕರಿಗೆ ಸೆರೆ ಸಿಕ್ಕಿತ್ತು. ಗೆಜ್ಜೆಗೆ ಬೇರೆ ಬೆಳ್ಳಿ ಹಾಕಿದೆ.

2. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ಕಸುಬಿನ ಮೊದಲ ವರ್ಷ ಒಂದು ಪದಕಕ್ಕೆ ಹೊಳಪು ಕೊಡಲು ಹೋಗಿ ಅಂಚಿನ ಎರಡಕ್ಷರ ಅಳಿಸಿಬಿಟ್ಟೆ. ಆ ಸಂಕಟ ಇನ್ನೂ ಹೋಗಿಲ್ಲ.

3. ನಕಲಿ ಗುರುತಿಸುವುದು ನಮಗೆ ಸುಲಭ. ಅಸಲಿ ಪದಕ ಅಚ್ಚೊತ್ತಿದ್ದು. ಅದನ್ನು ನೋಡಿ ಎರಕ ಹೊಯ್ದರೆ ಲೋಹ ತಣಿದು ಕುಗ್ಗುತ್ತದೆ. 36 ಮಿಲಿಮೀಟರ್ ಇರಬೇಕಾದದ್ದು ಚೂರು ಕಡಿಮೆ ಬರುತ್ತದೆ, ಮೈಮೇಲೆ ಸಣ್ಣ ಸಣ್ಣ ತೂತು ಕಾಣುತ್ತವೆ.

4. ಪದಕ ಹೇಳದೆ ಬಿಟ್ಟದ್ದನ್ನೂ ಕೇಳಬೇಕು. ರಾಣಿ ವಿಕ್ಟೋರಿಯಾ ಕಾಲದ, 1857–58ರ ಪದಕಕ್ಕೆ ಬಿಳಿ ಪಟ್ಟಿ, ಅದರ ಮೇಲೆ ಎರಡು ಕೆಂಪು ಗೆರೆ. ಕಾಳಗದ ಹೆಸರು ಕೊರೆದ ಅಡ್ಡಪಟ್ಟಿಗಳು ಐದೇ ಬಗೆ: ದೆಹಲಿಗೆ ಒಂದು, ಲಖನೌಗೆ ಮೂರು, ಮಧ್ಯ ಭಾರತಕ್ಕೆ ಒಂದು. ನಮ್ಮ ಹಲಗಲಿಗೆ ಇಲ್ಲ. ನಿಶ್ಶಸ್ತ್ರೀಕರಣ ಕಾಯ್ದೆಗೆ ಬಗ್ಗದ ಬೇಡರ ಮೇಲೆ 1857ರ ನವೆಂಬರ್‌ನಲ್ಲಿ ಕರ್ನಲ್ ಮಾಲ್ಕಂನ ಕುದುರೆ ದಂಡು ಬಂತು, ಊರು ಸುಟ್ಟಿತು. ಅದರ ಅಧಿಕಾರಿ ವಿಲಿಯಂ ಕೆರ್ ಅದೇ ಜುಲೈನ ಕೊಲ್ಹಾಪುರದ ಕಾಳಗಕ್ಕಾಗಿ ವಿಕ್ಟೋರಿಯಾ ಕ್ರಾಸ್ ಪಡೆದವನು. ದಂಡು ಬಿಟ್ಟ ಮೇಲೆ ಕುದುರೆ ಸವಾರಿಯ ಪುಸ್ತಕ ಬರೆದು 1919ರವರೆಗೆ ಬಾಳಿದ. ಅವನ ಧೈರ್ಯ ಸುಳ್ಳಲ್ಲ. ಆದರೆ ಹಲಗಲಿಯ ಬೇಡರಾದ ಜಡಗ, ಬಾಲರ ಹೆಸರು ನಮಗೆ ಉಳಿದದ್ದು ಲಾವಣಿ ಹಾಡಿದವರಿಂದ. ಭಾರತೀಯ ಸಿಪಾಯಿಗೆ ಆ ಕ್ರಾಸ್ ಪಡೆಯುವ ಹಕ್ಕು ಸಿಕ್ಕಿದ್ದೇ 1911ರಲ್ಲಿ. ಅಧಿಕಾರಿಯ ಪದಕ ಕೈಗೆ ಬಂದರೆ, ಅವನು ಯಾವ ಊರಿನ ಮೇಲೆ ಹೋಗಿದ್ದ ಎಂದು ನಾನು ಮೊದಲು ಹುಡುಕುತ್ತೇನೆ.

5. ಬೆಳ್ಳಿ ದರ ಏರಿದಾಗಲೆಲ್ಲ ಪದಕಗಳು ಮೂಸೆ ಸೇರುತ್ತವೆ. ಕಷ್ಟಕ್ಕೆ ಮಾರುವವರನ್ನು ನಾನು ದೂರುವುದಿಲ್ಲ. ಒಂದೇ ಬೇಡಿಕೆ: ಅಂಚಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಮನೆಯ ಹಿರಿಯರ ಮುಂದೆ ಆ ಹೆಸರನ್ನು ಗಟ್ಟಿಯಾಗಿ ಓದಿ. ಆಮೇಲೆ ಅಂಗಡಿಗೆ ಬನ್ನಿ.