ಡಿಸ್ಚಾರ್ಜ್ ಪುಸ್ತಕ ತಿದ್ದಿಸಲು ಹೊರಟ ಮಾಜಿ ಸೈನಿಕರಿಗೆ ಒಂದಿಷ್ಟು ಕಿವಿಮಾತು

ಫೌಜಿನಿಂದ ಮನೆಗೆ ಬಂದವರ ಕಾಗದಪತ್ರದ ಗೋಳು ಕೇಳುವುದೇ ನಿವೃತ್ತಿಯ ನಂತರ ನನ್ನ ಕೆಲಸವಾಗಿಬಿಟ್ಟಿದೆ. ಗಡಿಯಲ್ಲಿ ಎದೆಗುಂದದ ಹುಡುಗರು ಪಿಂಚಣಿಯ ಸ್ಪರ್ಶ್ ಪೋರ್ಟಲ್ಲಿನ ಒಂದು ಕೆಂಪು ಅಕ್ಷರದ ಸಾಲಿಗೆ ಬೆವರುತ್ತಾರೆ. ಅವರಿಗೆ ನಾನು ಹೇಳುವ ಮಾತುಗಳನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

• ಮೊದಲು ಪುಸ್ತಕ ಬಿಚ್ಚಿ ಓದಿ. ಟ್ರಂಕಿನ ತಳದಲ್ಲಿಟ್ಟು ಪೂಜೆ ಮಾಡಬೇಡಿ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಭರ್ತಿಯಾದ ದಿನ, ಬಿಡುಗಡೆಯ ಕಾರಣ, ಮೆಡಿಕಲ್ ಕೆಟಗರಿ, ನಡತೆ, ಪದಕಗಳು ಎಲ್ಲವನ್ನೂ ನೋಡಿ. ಪಕ್ಕದಲ್ಲಿ ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟುಕೊಂಡು ಇಂಗ್ಲಿಷ್ ಸ್ಪೆಲ್ಲಿಂಗನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಈ ಕೆಲಸ ಮಗಳಿಗೆ ಹೇಳಿದರೆ ಇನ್ನೂ ಒಳ್ಳೆಯದು. ನಮ್ಮ ಕಣ್ಣು ನಮ್ಮ ಹೆಸರನ್ನು ಸರಿಯಾಗಿಯೇ ಓದಿಕೊಳ್ಳುತ್ತದೆ.

• ಕನ್ನಡದವರ ಹೆಸರಿನ ತಕರಾರೇ ಬೇರೆ. ನಮಗೆ ಸರ್‌ನೇಮ್ ಎಂಬುದು ಅರ್ಧ ಜಿಲ್ಲೆಗಳಲ್ಲಿ ಇಲ್ಲ, ಇನಿಷಿಯಲ್ ಮಾತ್ರ. ಭರ್ತಿಯ ದಿನ ಉತ್ತರದ ಗುಮಾಸ್ತ 'ಪೂರಾ ನಾಮ್' ಕೇಳುತ್ತಾನೆ. ಹುಡುಗ ಒಮ್ಮೆ ಊರಿನ ಹೆಸರು, ಒಮ್ಮೆ ಅಪ್ಪನ ಹೆಸರು ಹೇಳುತ್ತಾನೆ. ಬಸಪ್ಪ ಹೋಗಿ 'ಬಾಸ್ಪಾ' ಆಗುತ್ತದೆ, ಈರವ್ವ ಹೋಗಿ 'ಇರವಾ' ಆಗುತ್ತದೆ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಇನಿಷಿಯಲ್ಲಿನ 'ಕೆ' ಕೊಡಂದೇರ ಎಂಬ ಮನೆತನ. ಅವರ ಹೆಸರನ್ನು ಯಾರೂ ತಲೆಕೆಳಗು ಮಾಡಲಿಲ್ಲ. ಸಿಪಾಯಿಗೆ ಆ ಭಾಗ್ಯ ಇರುವುದಿಲ್ಲ.

• ತಪ್ಪು ಎಲ್ಲಿ ಹುಟ್ಟಿತು ಅಂತ ಹುಡುಕಿ. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಡಿಸ್ಚಾರ್ಜ್ ಪುಸ್ತಕ ಮೂಲ ದಾಖಲೆಯಲ್ಲ, ನಕಲು. ಮೂಲ ಇರುವುದು ಭರ್ತಿ ಫಾರ್ಮಿನಲ್ಲಿ, ಸೇವೆಯ ವಿವರ ಬರೆಯುವ ಶೀಟ್ ರೋಲಿನಲ್ಲಿ, ಆಮೇಲಿನ ಬದಲಾವಣೆಗಳನ್ನು ದಾಖಲಿಸಲು ಹೊರಟ ಪಾರ್ಟ್ ಟೂ ಆರ್ಡರುಗಳಲ್ಲಿ. ಮೂಲದಲ್ಲಿ ಸರಿಯಿದ್ದು ಪುಸ್ತಕದಲ್ಲಿ ಮಾತ್ರ ತಪ್ಪಿದ್ದರೆ ಅದು ಗುಮಾಸ್ತನ ಕೈತಪ್ಪು. ಪತ್ರ ಬರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೂಲದಲ್ಲೇ ತಪ್ಪಿದ್ದರೆ ಶಾಲೆಯ ದಾಖಲೆ, ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ ಎಲ್ಲ ಕೇಳುತ್ತಾರೆ. ಮೂರನೆಯ ಬಗೆ, ಮದುವೆಯೋ ಮಗುವಿನ ಜನನವೋ ನಡೆದಿದೆ, ಆದರೆ ಪಾರ್ಟ್ ಟೂ ಆರ್ಡರ್ ಹೊರಟೇ ಇಲ್ಲ. ಅದನ್ನು 'ತಿದ್ದುಪಡಿ' ಅಂತ ಕೇಳಬೇಡಿ. ಹೊಸದಾಗಿ ದಾಖಲಿಸಿ ಎಂದು ಕೇಳಬೇಕು.

• ಯಾವ ಕಾಗದ ಬಗ್ಗಬೇಕು ಅಂತ ಯೋಚಿಸಿ. ಎಷ್ಟೋ ಜನ ಆಧಾರ್ ಕಾರ್ಡನ್ನು ಕೈಯಲ್ಲಿ ಹಿಡಿದು ಫೌಜಿನ ದಾಖಲೆ ತಿದ್ದಿಸಲು ಹೊರಡುತ್ತಾರೆ. ಫೌಜಿನ ದಾಖಲೆ ಸರಿಯಿದ್ದು ಆಧಾರ್ ತಪ್ಪಿದ್ದರೆ ಆಧಾರೇ ಬಗ್ಗಲಿ, ಅದು ಹಗುರ. ಆದರೆ ಅಲ್ಲಿ ಹೆಸರು ತಿದ್ದಲು ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಅವಸರದಲ್ಲಿ ಖರ್ಚು ಮಾಡಬೇಡಿ.

• ಜೂನ್ 1ರಂದು ಹುಟ್ಟಿದವರಿಗೆ ಪ್ರತ್ಯೇಕ ಮಾತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ಅದೇ ಭರ್ತಿ ಫಾರ್ಮಿಗೂ ಹೋಯಿತು. ಈಗ ಜಾತಕ ತಂದು 'ನಾನು ಹುಟ್ಟಿದ್ದು ದೀಪಾವಳಿಯಲ್ಲಿ' ಎಂದರೆ ಯಾರೂ ಕೇಳುವುದಿಲ್ಲ. ನೌಕರಿಯ ಕೊನೆಗಾಲದಲ್ಲಿ ಜನ್ಮದಿನಾಂಕ ಬದಲಿಸಿಕೊಡಿ ಎನ್ನುವವರ ಬಗ್ಗೆ ಸುಪ್ರೀಂ ಕೋರ್ಟ್ 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲೇ ಬಿಗಿಯಾಗಿ ಮಾತಾಡಿದೆ. ಅದು ಸಿವಿಲ್ ನೌಕರನ ಪ್ರಕರಣ, ಆದರೆ ಗಾಳಿ ಬೀಸುವ ದಿಕ್ಕು ಎಲ್ಲರಿಗೂ ಅದೇ. ಅಂಕಪಟ್ಟಿಗೂ ಪುಸ್ತಕಕ್ಕೂ ವ್ಯತ್ಯಾಸವಿದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಿ.

• ಹೆಂಡತಿಯ ಹೆಸರನ್ನು ನೀವು ಬದುಕಿರುವಾಗಲೇ ಸರಿಮಾಡಿಸಿ. ಉಳಿದದ್ದೆಲ್ಲ ತಡವಾದರೂ ನಡೆದೀತು, ಇದು ಮಾತ್ರ ಬೇಡ. ತವರಿನಲ್ಲಿ ಪಾರ್ವತವ್ವ, ಮದುವೆಯಲ್ಲಿ ಅತ್ತೆ ಇಟ್ಟ ಹೆಸರು ಲಕ್ಷ್ಮಿ, ರೇಷನ್ ಕಾರ್ಡಿನಲ್ಲಿ ಪಾರ್ವತಿಬಾಯಿ, ಪಿಪಿಒದಲ್ಲಿ 'ಪರ್ವತಾ'. ಗಂಡ ಇರುವಾಗ ಅವನ ಒಂದು ಸಹಿ, ಇಬ್ಬರೂ ಒಟ್ಟಿಗೆ ತೆಗೆಸಿದ ಫೋಟೊ, ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್ ಇವುಗಳಿಂದ ಆಗುವ ಕೆಲಸ, ಅವನು ಹೋದ ಮೇಲೆ ಆಕೆಗೆ ಪಂಚಾಯಿತಿ, ತಹಶೀಲ್ದಾರ್ ಕಚೇರಿ, ಸೈನಿಕ ಕಲ್ಯಾಣ ಕಚೇರಿ ಎಂದು ಅಲೆದಾಟವಾಗುತ್ತದೆ. ಕುಟುಂಬ ಪಿಂಚಣಿ ಅಷ್ಟು ದಿನ ನಿಂತಿರುತ್ತದೆ. ಮನೆಗೆ ಎರಡು ಕೋಣೆ ಹೆಚ್ಚು ಕಟ್ಟಿಸುವುದನ್ನು ಮುಂದೂಡಿ, ಇದನ್ನು ಮುಂದೂಡಬೇಡಿ.

• ಅರ್ಜಿ ಹೋಗಬೇಕಾದ್ದು ನಿಮ್ಮ ರೆಕಾರ್ಡ್ ಆಫೀಸಿಗೆ. ಬ್ಯಾಂಕಿನವರ ಜೊತೆ ಜಗಳ ಬೇಡ, ಅವರ ಕೈಯಲ್ಲಿ ಏನೂ ಇಲ್ಲ. ಮರಾಠಾ ಲೈಟ್ ಇನ್ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ತೋಪಖಾನೆಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್ಪುರ, ಇಎಂಇಗೆ ಸಿಕಂದರಾಬಾದ್. ವಾಯುಪಡೆಯವರದು ದೆಹಲಿಯ ಸುಬ್ರೊತೊ ಪಾರ್ಕ್. ಪಿಂಚಣಿಗೆ ಸಂಬಂಧಿಸಿದ ತಿದ್ದುಪಡಿಯಾದರೆ ರೆಕಾರ್ಡ್ ಆಫೀಸ್ ಒಪ್ಪಿ ಕಳಿಸಿದ ಮೇಲೆ ಭೂಸೇನೆಯವರಿಗೆ ಪ್ರಯಾಗರಾಜದ ಪಿಂಚಣಿ ಕಚೇರಿಯಿಂದ ತಿದ್ದುಪಡಿ ಪಿಪಿಒ ಹೊರಡುತ್ತದೆ.

• ಅರ್ಜಿ ಚಿಕ್ಕದಿರಲಿ. ಲಡಾಖಿನ ಚಳಿ, ಶ್ರೀನಗರದ ಕಲ್ಲುತೂರಾಟ ಅದರಲ್ಲಿ ಬೇಡ. ಸೇನಾ ನಂಬರು, ರ‍್ಯಾಂಕ್, ಹೆಸರು, ಬಿಡುಗಡೆಯ ದಿನಾಂಕ. ಆಮೇಲೆ ಮೂರು ಸಾಲು: ಇಂಥ ಪುಟದಲ್ಲಿ ಹೀಗಿದೆ, ಹೀಗಿರಬೇಕು, ಅದಕ್ಕೆ ಆಧಾರ ಇದು. ನಂಬರಿನ ಕೊನೆಯ ಇಂಗ್ಲಿಷ್ ಅಕ್ಷರ ಬಿಡಬೇಡಿ. ಸ್ವಯಂ ದೃಢೀಕರಿಸಿದ ನಕಲು ಮಾತ್ರ ಕಳಿಸಿ, ಮೂಲ ಪುಸ್ತಕವನ್ನು ಅವರು ಬರೆದು ಕೇಳುವವರೆಗೆ ಕಳಿಸಬೇಡಿ. ಸ್ಪೀಡ್ ಪೋಸ್ಟ್ ರಸೀದಿಯನ್ನು ಅರ್ಜಿಯ ನಕಲಿಗೇ ಪಿನ್ ಮಾಡಿ. ಮುಂದೆ ನ್ಯಾಯಮಂಡಳಿಗೆ ಹೋಗಬೇಕಾಗಿ ಬಂದರೆ ಆ ಚೀಟಿಯೇ ನಿಮ್ಮ ಸಾಕ್ಷಿ.

• ಪುಸ್ತಕಕ್ಕೆ ಪೆನ್ ಮುಟ್ಟಿಸಬೇಡಿ. ಒಂದು ಇಸವಿಯ 3 ಅನ್ನು 8 ಮಾಡಿದ ಪುಸ್ತಕ ಕಂಡಿದ್ದೇನೆ, ಬೇರೆ ಶಾಯಿ, ಬೇರೆ ಕೈ, ದೂರದಿಂದಲೇ ಕಾಣುತ್ತಿತ್ತು. ಕೇಳಿದ್ದು ನ್ಯಾಯವಾದದ್ದೇ ಇರಬಹುದು, ಆದರೆ ಆ ಗೀಟಿನ ಮೇಲೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ.

• ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಹಾಕಿ, ನಿಮ್ಮ ಭರ್ತಿ ಫಾರ್ಮ್ ಮತ್ತು ಶೀಟ್ ರೋಲಿನ ನಕಲು ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. 'ನನ್ನ ದಾಖಲೆ ಏಕೆ ತಪ್ಪಾಗಿದೆ?' ಅಂತ ಕೇಳಬೇಡಿ. ಆ ಕಾಯ್ದೆ ಕಾಗದ ಕೊಡಿಸುತ್ತದೆ, ಕಾರಣ ಹೇಳಿಸುವುದಿಲ್ಲ.

• ಪಿಂಚಣಿ ಇಲ್ಲದೆ ಬಂದವರು ಇನ್ನಷ್ಟು ಬೇಗ ಎಚ್ಚೆತ್ತುಕೊಳ್ಳಿ. ಅಂಥವರ ಸೇವಾ ದಾಖಲೆಗಳನ್ನು ಬಿಡುಗಡೆಯಾಗಿ 25 ವರ್ಷಕ್ಕೆ ನಾಶ ಮಾಡುವ ನಿಯಮವಿದೆ. ಆಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ಕಾಯಂ ಪಟ್ಟಿಯ ಒಂದೆರಡು ಸಾಲು. ಆಗ ನಿಮ್ಮ ಕೈಯಲ್ಲಿರುವ ಹಳೆಯ ಪುಸ್ತಕವೇ ದೊಡ್ಡ ದಾಖಲೆ.

• ಬಿಡುಗಡೆಯ ಕಾರಣ, ನಡತೆಯ ಷರಾ, 'ಸೇವೆಯಿಂದ ಬಂದ ಕಾಯಿಲೆಯಲ್ಲ' ಎಂಬ ಮೆಡಿಕಲ್ ಬೋರ್ಡಿನ ಮಾತು ಇವು ಸ್ಪೆಲ್ಲಿಂಗ್ ತಪ್ಪಲ್ಲ, ತೀರ್ಮಾನಗಳು. ಇವಕ್ಕೆ ತಿದ್ದುಪಡಿ ಅರ್ಜಿ ಸಾಲದು, ಮೇಲ್ಮನವಿ ಬೇಕು. ಅಂಗವಿಕಲ ಪಿಂಚಣಿಯ ವಿಷಯದಲ್ಲಿ 2013ರ ಧರ್ಮವೀರ್ ಸಿಂಗ್ ತೀರ್ಪನ್ನು ವಕೀಲರಿಂದ ಓದಿಸಿ. ಭರ್ತಿಯಾಗುವಾಗ ಆರೋಗ್ಯವಾಗಿದ್ದವನ ಕಾಯಿಲೆ ಸೇವೆಗೆ ಸಂಬಂಧಿಸಿಲ್ಲ ಎನ್ನುವುದಾದರೆ ಬೋರ್ಡು ಕಾರಣ ಬರೆಯಬೇಕು ಎಂದು ಅದರಲ್ಲಿದೆ. ಯಾವ ಕಾಲದ ನಿಯಮ ನಿಮಗೆ ಅನ್ವಯ ಎಂಬುದನ್ನೂ ಅವರಿಂದಲೇ ಕೇಳಿ.

• ಎಲ್ಲ ಬಾಗಿಲು ತಟ್ಟಿದ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆ ಅದನ್ನು ಕೊಟ್ಟಿತು. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ಅರ್ಜಿ ಕೊಟ್ಟು ಆರು ತಿಂಗಳಾದರೂ ಆದೇಶ ಇಲ್ಲದಿದ್ದರೆ, ಅದರ ಮುಂದಿನ ಆರು ತಿಂಗಳು. ತಡವಾದರೆ ಕಾರಣ ಹೇಳಿ ಮನ್ನಿಸಿ ಎನ್ನಬಹುದು, ಆದರೆ ಪಿಂಚಣಿ ಪ್ರಕರಣದಲ್ಲಿ ತಡವಾಗಿ ಬಂದವನಿಗೆ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದು ಮಾತ್ರ. 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ಬಂದ ಲೆಕ್ಕ ಅದು. ಇಪ್ಪತ್ತು ವರ್ಷ ಸುಮ್ಮನಿದ್ದವನಿಗೆ ಹದಿನೇಳು ವರ್ಷದ ದುಡ್ಡು ಹೋದಂತೆಯೇ.

• ದಲ್ಲಾಳಿಗೆ ದುಡ್ಡು ಕೊಡಬೇಡಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿ ಬರೆದುಕೊಡುವುದು, ಮುಂದಕ್ಕೆ ಕಳಿಸುವುದು ಉಚಿತ. ಒಟಿಪಿ ಕೇಳಿದವನಿಗಂತೂ ಚಹಾ ಕುಡಿಸಿ ಕಳಿಸಿ, ಒಟಿಪಿ ಕೊಡಬೇಡಿ.

• ತಿದ್ದುಪಡಿ ಪತ್ರ ಕೈಗೆ ಬಂದ ದಿನವೇ ಸ್ಪರ್ಶ್‌ಗೆ ಲಾಗಿನ್ ಆಗಿ, ಅಲ್ಲಿಯೂ ಬದಲಾಗಿದೆಯೇ ನೋಡಿ. ತಾನಾಗಿ ಬದಲಾಗುತ್ತದೆ ಅಂತ ಕೂರಬೇಡಿ. ಆಮೇಲೆ ಚಿಕಿತ್ಸೆಯ ಇಸಿಎಚ್‌ಎಸ್ ಕಾರ್ಡ್, ಆಮೇಲೆ ಬ್ಯಾಂಕ್. ಪತ್ರದ ಮೂರು ಜೆರಾಕ್ಸ್ ಮಾಡಿಸಿ ಒಂದನ್ನು ಹೆಂಡತಿಯ ಕೈಗೆ ಕೊಡಿ. ಎಲ್ಲಿಟ್ಟಿದ್ದೀರಿ ಎನ್ನುವುದು ನಿಮಗಿಂತ ಆಕೆಗೆ ಗೊತ್ತಿರಬೇಕು.