ಯುರೋಪಿನಲ್ಲಿ ನೆಲೆಸುವ ನಮ್ಮವರ ಸುರಕ್ಷತೆ: ಉದ್ದಿಮೆದಾರರು ಅರಿಯಬೇಕಾದ ಅಂಶಗಳು

ಯಂತ್ರ ಖರೀದಿ, ತರಬೇತಿ, ವಸ್ತುಪ್ರದರ್ಶನ ಮುಂತಾದ ಕಾರಣಗಳಿಗಾಗಿ ನೌಕರರನ್ನು ಯುರೋಪಿಗೆ ಕಳುಹಿಸುವ ಸಂದರ್ಭವು ಇಂದು ತಾಂಡವಪುರದಂತಹ ಕೈಗಾರಿಕಾ ಪ್ರದೇಶದ ಸಣ್ಣ ಘಟಕಕ್ಕೂ ಒದಗಬಹುದು. ಅನೇಕ ಸದಸ್ಯರ ಮಕ್ಕಳು ವ್ಯಾಸಂಗಕ್ಕಾಗಿ ಅಲ್ಲಿಗೆ ತೆರಳುತ್ತಾರೆ. ಹಡಗಿಗೇರುವ ಸರಕಿಗೆ ತಪ್ಪದೆ ವಿಮೆ ಮಾಡಿಸುವ ನಾವು, ವಿಮಾನವೇರುವ ಮನುಷ್ಯನ ಸುರಕ್ಷತೆಗೂ ಅಷ್ಟೇ ಸಿದ್ಧತೆ ಮಾಡಿಕೊಳ್ಳಬೇಕು.

ಖಾರ್ಕಿವ್ ಕಲಿಸಿದ ಪಾಠ

2022ರ ಫೆಬ್ರವರಿ 15ರಂದು ಉಕ್ರೇನಿನ ಭಾರತೀಯ ರಾಯಭಾರ ಕಚೇರಿಯು, ಅಲ್ಲಿರುವುದು ಅನಿವಾರ್ಯವಲ್ಲದವರು ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಪರಿಗಣಿಸಬೇಕೆಂದು ಸೂಚಿಸಿತು. ಆಗ ವಿಮಾನಗಳು ಸಂಚರಿಸುತ್ತಿದ್ದವು. ಆದರೆ ತರಗತಿ ತಪ್ಪುವ ಆತಂಕ ಹಾಗೂ ದುಬಾರಿ ಟಿಕೆಟ್ ದರ ಅನೇಕರನ್ನು ತಡೆದವು. ಫೆಬ್ರವರಿ 24ರಂದು ಯುದ್ಧ ಆರಂಭವಾಗಿ ವಾಯುಮಾರ್ಗ ಮುಚ್ಚಿತು. ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಶೇಖರಪ್ಪ ಗ್ಯಾನಗೌಡರ್ ಆಹಾರ ತರಲೆಂದು ಹೊರಬಂದಾಗ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದರು. ಅವರ ಪಾರ್ಥಿವ ಶರೀರ ಬೆಂಗಳೂರಿಗೆ ಬಂದದ್ದು ಮಾರ್ಚ್ 21ರಂದು.

‘ಆಪರೇಷನ್ ಗಂಗಾ’ದ 90 ವಿಮಾನಗಳೂ ಸೇರಿದಂತೆ ವಿವಿಧ ಮಾರ್ಗಗಳಿಂದ ಸುಮಾರು 22,500 ಭಾರತೀಯರು ಮರಳಿದರು. ಆದರೆ ಆ ವಿಮಾನಗಳು ಹೊರಟದ್ದು ನೆರೆಯ ರಾಷ್ಟ್ರಗಳಿಂದ. ಪೂರ್ವದಂಚಿನ ಖಾರ್ಕಿವ್‌ನಲ್ಲಿದ್ದವರು ಪಶ್ಚಿಮದ ಗಡಿ ತಲುಪಲು ಸುಮಾರು ಸಾವಿರ ಕಿ.ಮೀ. ಕ್ರಮಿಸಬೇಕಿತ್ತು.

ಇದರಿಂದ ಉದ್ದಿಮೆದಾರರು ಗ್ರಹಿಸಬೇಕಾದುದು ಸ್ಪಷ್ಟ. ಅಪಾಯದ ಸೂಚನೆ ಬಂದಾಗ ನೌಕರನು ಮಾಲೀಕರ ಅನುಮತಿಗಾಗಿ ಕಾಯುತ್ತಾನೆ. ಮಾಲೀಕರು ಕೆಲಸ ಮುಗಿಯಲೆಂದು ಕಾಯುತ್ತಾರೆ. ಆದ್ದರಿಂದ ರಾಯಭಾರ ಕಚೇರಿಯ ಸೂಚನೆ ಬಂದೊಡನೆ ಯಾರನ್ನೂ ಕೇಳದೆ ಹಿಂತಿರುಗುವ ಅಧಿಕಾರವನ್ನು ಲಿಖಿತವಾಗಿ ನೀಡಿ, ಮರುಪ್ರಯಾಣದ ಹಣವನ್ನೂ ಮೊದಲೇ ಆತನ ಕೈಗೆ ಒಪ್ಪಿಸಬೇಕು.

ಉದ್ಯೋಗದ ಹೆಸರಿನ ವಂಚನೆ

ಸಹಾಯಕರ ಕೆಲಸದ ಆಮಿಷಕ್ಕೆ ಒಳಗಾಗಿ ರಷ್ಯಾಕ್ಕೆ ತೆರಳಿದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಗೆ ತಳ್ಳಲ್ಪಟ್ಟು, 2024ರ ಸೆಪ್ಟೆಂಬರ್‌ನಲ್ಲಿ ತಾಯ್ನಾಡಿಗೆ ಮರಳಿದರು. 1983ರ ವಲಸೆ ಕಾಯ್ದೆಯನ್ವಯ ವಿದೇಶಿ ಉದ್ಯೋಗಕ್ಕೆ ನೇಮಕ ಮಾಡುವ ಏಜೆಂಟರು ನೋಂದಣಿ ಪಡೆದಿರಬೇಕು. ‘ಇ-ಮೈಗ್ರೇಟ್’ ತಾಣದಲ್ಲಿ ಇದನ್ನು ಪರಿಶೀಲಿಸಬಹುದು. ಓದಲು ಬಾರದ ಭಾಷೆಯ ಒಪ್ಪಂದಕ್ಕೆ ಸಹಿ ಹಾಕುವುದು ಎಂದಿಗೂ ಸಲ್ಲದು.

ಅನುಸರಿಸಬೇಕಾದ ಕ್ರಮಗಳು

1. ತಲುಪಿದೊಡನೆ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ ನೋಂದಾಯಿಸಬೇಕು. ವಿಳಾಸ ಬದಲಾದಾಗ ತಿಳಿಸಬೇಕು.

2. ಅಲ್ಪಾವಧಿಯ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ವಿಮಾಪತ್ರದಲ್ಲಿ ಯುದ್ಧ, ಗಲಭೆಗಳನ್ನು ಹೊರತುಪಡಿಸಲಾಗಿದೆಯೇ ಎಂಬುದನ್ನು ಓದಿ ನೋಡಬೇಕು. ದೀರ್ಘಕಾಲ ನೆಲೆಸುವವರು ಆಯಾ ದೇಶದ ವಿಮಾ ನಿಯಮವನ್ನು ಪಾಲಿಸಬೇಕು.

3. ಐರೋಪ್ಯ ಒಕ್ಕೂಟದ ಎಲ್ಲ ರಾಷ್ಟ್ರಗಳಲ್ಲೂ ತುರ್ತು ಸಂಖ್ಯೆ 112, ಕರೆ ಉಚಿತ. ವಾಸದ ವಿಳಾಸವನ್ನು ಸ್ಥಳೀಯ ಭಾಷೆಯಲ್ಲಿ ಬರೆದ ಚೀಟಿ ಸದಾ ಜೇಬಿನಲ್ಲಿರಲಿ.

4. ಪಾಸ್‌ಪೋರ್ಟಿನ ಪ್ರತಿಯನ್ನು ಬೇರೆಡೆ ಇರಿಸಬೇಕು. ಮೂಲಪ್ರತಿ ಕಳೆದರೆ ಪೊಲೀಸರಿಗೆ ದೂರು ನೀಡಿ, ರಾಯಭಾರ ಕಚೇರಿಯಿಂದ ಸ್ವದೇಶಕ್ಕೆ ಮರಳಲು ತುರ್ತು ಪ್ರಮಾಣಪತ್ರ ಪಡೆಯಬಹುದು.

5. ಬಂಧನಕ್ಕೊಳಗಾದ ವಿದೇಶೀಯನು ತನ್ನ ದೇಶದ ದೂತಾವಾಸಕ್ಕೆ ವಿಷಯ ತಿಳಿಸುವಂತೆ ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ನೀಡಿದೆ. ಈ ಹಕ್ಕನ್ನು ಬಾಯಿಬಿಟ್ಟು ಕೇಳಬೇಕು.

6. ಸಂಕಷ್ಟದಲ್ಲಿರುವವರಿಗೆ ನೆರವಾಗಲು ಭಾರತ ಸರ್ಕಾರವು 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ರಾಯಭಾರ ಕಚೇರಿಗಳು ನಿರ್ವಹಿಸುತ್ತವೆ. ದೂರುಗಳಿಗಾಗಿ ‘ಮದದ್’ ತಾಣವಿದೆ.

ಕಚೇರಿಯ ಹೊಣೆ

ಚಳಿಗಾಲದಲ್ಲಿ ಜರ್ಮನಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ರಾತ್ರಿ 10ಕ್ಕೆ ತೊಂದರೆ ಉಂಟಾದರೆ ಇಲ್ಲಿ ರಾತ್ರಿ ಎರಡೂವರೆ. ಕಚೇರಿಯ ದೂರವಾಣಿ ಎತ್ತುವವರಿಲ್ಲ. ಆದುದರಿಂದ ಅಹೋರಾತ್ರಿ ಉತ್ತರಿಸುವ ಇಬ್ಬರ ಸಂಖ್ಯೆಯನ್ನು ನೌಕರನಿಗೆ ನೀಡಬೇಕು. ಪಾಸ್‌ಪೋರ್ಟ್, ವೀಸಾ, ವಿಮಾಪತ್ರಗಳ ಪ್ರತಿ ಕಚೇರಿಯಲ್ಲೂ ಮನೆಯವರ ಬಳಿಯೂ ಇರಬೇಕು.

ಈ ಸಿದ್ಧತೆಗೆ ತಗಲುವ ವೆಚ್ಚ ಅತ್ಯಲ್ಪ. ನೌಕರನನ್ನು ಹೊರದೇಶಕ್ಕೆ ಕಳುಹಿಸುವ ಪ್ರತಿಯೊಬ್ಬ ಸದಸ್ಯರೂ ಟಿಕೆಟ್ ಕಾದಿರಿಸುವ ಮುನ್ನವೇ ಈ ಪಟ್ಟಿಯನ್ನು ಆತನೊಂದಿಗೆ ಕುಳಿತು ಓದುವುದು ಒಳಿತು.