ಶುಗರ್‌ಗೊಂದು ಫೈಲು, ಮನಸ್ಸಿಗೊಂದು ಫೈಲು ಯಾಕೆ?

ಔಷಧ ಅಂಗಡಿಯ ಕೌಂಟರಿನ ಒಳಗೆ ನಿಂತವರಿಗೆ ಒಂದು ಅನುಕೂಲವಿದೆ. ಒಬ್ಬರೇ ರೋಗಿಗೆ ಬೇರೆ ಬೇರೆ ವೈದ್ಯರು ಬರೆದ ಚೀಟಿಗಳೆಲ್ಲ ಕಡೆಗೆ ಬಂದು ಸೇರುವುದು ನಮ್ಮ ಮುಂದೆಯೇ. ಶುಗರ್ ಮಾತ್ರೆ ಒಬ್ಬ ಡಾಕ್ಟರದ್ದು, ‘ನಿದ್ದೆ ಮಾತ್ರೆ’ ಇನ್ನೊಬ್ಬರದ್ದು. ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ. ಸಕ್ಕರೆ ಕಾಯಿಲೆಯವರು ಮಂಕಾಗಿ ಕೂತರೆ ಮನೆಯವರು ‘ಶುಗರ್ ಇದ್ದಮೇಲೆ ಸುಸ್ತು ಇದ್ದದ್ದೇ’ ಅನ್ನುತ್ತಾರೆ. ಶುಗರ್ ಇಳಿಯದಿದ್ದರೆ ‘ಬಾಯಿ ಕಟ್ಟಲ್ಲ, ಇನ್ನೇನಾಗತ್ತೆ’ ಅನ್ನುತ್ತಾರೆ. ಎರಡಕ್ಕೂ ನಂಟಿರಬಹುದು ಅನ್ನುವುದು ಯಾರ ತಲೆಗೂ ಹೋಗುವುದಿಲ್ಲ. ಅದನ್ನು ನೀವೇ ಪತ್ತೆಹಚ್ಚಿ ವೈದ್ಯರ ಮುಂದಿಡುವುದು ಹೇಗೆ ಎಂದು ಹಂತ ಹಂತವಾಗಿ ಇಲ್ಲಿ ಹೇಳುತ್ತೇನೆ.

ಹಿನ್ನೆಲೆ ಚುಟುಕಾಗಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆಯ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಎಂದು 2001ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದರು. ಖಿನ್ನತೆ ಇರುವವರಿಗೆ ಮುಂದೆ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ಮನಸ್ಸು ಕುಗ್ಗಿದಾಗ ಕಾರ್ಟಿಸಾಲ್‌ನಂಥ ಹಾರ್ಮೋನು ಏರುಪೇರಾಗುತ್ತದೆ, ನಿದ್ದೆ ಕೆಡುತ್ತದೆ, ವಾಕಿಂಗ್ ನಿಲ್ಲುತ್ತದೆ, ಮಾತ್ರೆ ತಪ್ಪುತ್ತದೆ. ಶುಗರ್ ಏರಿದರೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ.

ಎರಡನ್ನೂ ಒಟ್ಟಿಗೆ ಹಿಡಿದರೆ ಫಲ ಸಿಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ. ದೆಹಲಿ, ಚೆನ್ನೈ, ವಿಶಾಖಪಟ್ಟಣ ಮತ್ತು ಬೆಂಗಳೂರಿನ ಚಿಕಿತ್ಸಾಲಯಗಳಲ್ಲಿ 404 ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲ್ಲರಿಗೂ ಖಿನ್ನತೆಯ ಲಕ್ಷಣಗಳಿದ್ದವು. ಶುಗರ್, ಬಿಪಿ, ಕೊಲೆಸ್ಟ್ರಾಲ್‌ಗಳಲ್ಲಿ ಒಂದಾದರೂ ಹತೋಟಿ ತಪ್ಪಿತ್ತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ, ದೇಹ ಮನಸ್ಸು ಎರಡರ ಲೆಕ್ಕವನ್ನೂ ಒಂದೇ ಕಡೆ ಇಟ್ಟುಕೊಂಡು, ವಿಚಾರಿಸಿ, ತಜ್ಞ ವೈದ್ಯರ ಗಮನಕ್ಕೆ ತರುವ ಒಬ್ಬ ಸಂಯೋಜಕರನ್ನು ಕೊಟ್ಟರು. ಅವರು ವೈದ್ಯರಲ್ಲ. ಎರಡು ವರ್ಷದ ಕೊನೆಗೆ ಖಿನ್ನತೆಯ ಅಂಕ ಅರ್ಧಕ್ಕಿಳಿದು, ಜೊತೆಗೆ ಆ ಮೂರರಲ್ಲಿ ಒಂದಾದರೂ ಸುಧಾರಿಸಿದವರು ಈ ಗುಂಪಿನಲ್ಲಿ ಶೇ 71.6, ಎಂದಿನ ಚಿಕಿತ್ಸೆಯವರಲ್ಲಿ ಶೇ 57.4. ನಿಮಗೆ ಅಂಥ ಸಂಯೋಜಕರು ಸಿಗುವುದು ಕಷ್ಟ. ಆ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು.

ಹಂತ 1: ಮೊದಲು ಎರಡು ಪ್ರಶ್ನೆ

ಕಳೆದ ಎರಡು ವಾರದಲ್ಲಿ, ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ? ಮನಸ್ಸು ಕುಗ್ಗಿ, ಏನೂ ಬೇಡ ಅನ್ನಿಸುತ್ತಿದೆಯೇ? ಎರಡಕ್ಕೂ ಅಂಕ ಕೊಡಿ: ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನವೂ 3. ಎರಡೂ ಸೇರಿ 3 ಅಥವಾ ಮೇಲೆ ಬಂದರೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಯ ಪಟ್ಟಿಯನ್ನು ಪೂರ್ತಿ ತುಂಬಿಸಿ. ಕನ್ನಡದಲ್ಲೂ ಇದೆ, ದುಡ್ಡು ಕೊಡಬೇಕಿಲ್ಲ. ಒಟ್ಟು 27 ಅಂಕ. 10 ಅಥವಾ ಮೇಲಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಇದು ಜರಡಿ ಅಷ್ಟೆ, ‘ನನಗೆ ಖಿನ್ನತೆ’ ಎಂದು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

ಇಲ್ಲಿ ಎರಡು ಎಚ್ಚರಿಕೆ. ಪಟ್ಟಿಯನ್ನು ರೋಗಿಯೇ ತುಂಬಿಸಬೇಕು. ಮಗನೋ ಸೊಸೆಯೋ ಪಕ್ಕದಲ್ಲಿ ಕೂತು ‘ಅಮ್ಮಂಗೆ ಅಂಥದ್ದೇನಿಲ್ಲ, ಸೊನ್ನೆ ಹಾಕು’ ಅಂದರೆ ಆ ಹಾಳೆಗೆ ಬೆಲೆಯಿಲ್ಲ. ಓದಲು ಬಾರದವರಿಗೆ ಪ್ರಶ್ನೆ ಓದಿ ಹೇಳಿ, ಉತ್ತರ ಹೇಳಿಕೊಡಬೇಡಿ. ಇನ್ನೊಂದು, ಒಂಬತ್ತನೆಯ ಪ್ರಶ್ನೆ ಬದುಕುವುದೇ ಬೇಡ, ಜೀವಕ್ಕೆ ಏನಾದರೂ ಮಾಡಿಕೊಳ್ಳೋಣ ಎಂಬ ಯೋಚನೆ ಕುರಿತದ್ದು. ಅಲ್ಲಿ ಒಂದೇ ಅಂಕ ಬಂದರೂ ಒಟ್ಟು ಅಂಕ ನೋಡುತ್ತ ಕೂರಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅವತ್ತೇ ವೈದ್ಯರ ಬಳಿ ಕರೆದುಕೊಂಡು ಹೋಗಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಮನೆಯಲ್ಲಿರುವ ಇನ್ಸುಲಿನ್, ಮಾತ್ರೆಗಳು ಬೇರೆಯವರ ಸುಪರ್ದಿಯಲ್ಲಿರಲಿ.

ಹಂತ 2: ದೇಹದ ಕಡೆಯಿಂದಲೂ ನೋಡಿ

ಸುಸ್ತು, ನಿದ್ದೆಗೇಡು, ಹಸಿವು ಕೆಡುವುದು ಮೂರೂ ಆ ಪಟ್ಟಿಯಲ್ಲಿವೆ. ಮೂರೂ ಬೇರೆ ಕಾರಣಕ್ಕೂ ಬರುತ್ತವೆ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ಹಾಗಾಗಿ ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್ ಮತ್ತು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುತ್ತಿದ್ದರೆ ವಿಟಮಿನ್ ಬಿ12 ಕೂಡ. ಆ ಮಾತ್ರೆ ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು, ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಬಿ12 ಇಳಿದರೆ ಕಾಲು ಜೋಮು, ಮರೆವು, ಮಂಕು ಎಲ್ಲ ಬರುತ್ತದೆ. ಎಂಬತ್ತು ಪರೀಕ್ಷೆಗಳ ‘ಫುಲ್ ಬಾಡಿ ಪ್ಯಾಕೇಜ್’ ಇದಕ್ಕೆ ಬೇಕಿಲ್ಲ.

ಇದ್ದಕ್ಕಿದ್ದಂತೆ ಎದೆ ಡವಗುಟ್ಟಿ, ಮೈ ಬೆವೆತು, ಕೈ ನಡುಗಿದರೆ ‘ಟೆನ್ಶನ್’ ಎಂದು ಮಲಗಿಸಬೇಡಿ. ಮೊದಲು ಗ್ಲೂಕೋಮೀಟರ್ ತೆಗೆಯಿರಿ. 70ಕ್ಕಿಂತ ಕಡಿಮೆ ಇದ್ದರೆ ಅದು ಶುಗರ್ ಇಳಿದದ್ದು. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಹತ್ತುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಒಂದು ಡಬ್ಬಿ ಮನೆಯಲ್ಲಿಟ್ಟಿರಿ. ಪ್ರಜ್ಞೆ ತಪ್ಪುವಂತಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಮೀಟರ್ ಸರಿಯಾಗೇ ತೋರಿಸಿ ಎದೆನೋವಿದ್ದರೂ ಆಸ್ಪತ್ರೆಗೇ ಓಡಿ: ಗ್ಯಾಸ್ಟ್ರಿಕ್ ಎಂದೋ ಗಾಬರಿ ಎಂದೋ ನೀವೇ ತೀರ್ಮಾನಿಸಬೇಡಿ.

ಹಂತ 3: ಒಂದೇ ಫೈಲು

ಲೇಖನ ಬರೆಯಲು ಕೂತದ್ದೇ ಈ ಹಂತಕ್ಕಾಗಿ. ಮೊನ್ನೆ ಒಬ್ಬ ಹೆಂಗಸು ಬಂದು ಕೌಂಟರಿನ ಮೇಲೆ ಎರಡು ಪ್ಲಾಸ್ಟಿಕ್ ಕವರ್ ಇಟ್ಟರು. ಬಟ್ಟೆ ಅಂಗಡಿಯ ದೊಡ್ಡ ಕವರಿನಲ್ಲಿ ಶುಗರ್ ರಿಪೋರ್ಟು, ಬಿಪಿ ಚೀಟಿ, ಇಸಿಜಿ. ಇನ್ನೊಂದನ್ನು ಸೆರಗಿನ ಅಡಿಯಿಂದ ತೆಗೆದರು. ಒಳಗೆ ಕತ್ತರಿಸಿದ ಮಾತ್ರೆ ಪಟ್ಟಿಯ ನಾಲ್ಕು ಮಾತ್ರೆ, ಹೆಸರಿರುವ ತುದಿ ಇಲ್ಲ. ‘ಅಣ್ಣಾ, ಈ ಬಿಳೀದು ಒಂದು ತಿಂಗಳಿಗೆ ಕೊಡಿ. ಇದು ಆ ಡಾಕ್ಟ್ರಿಗೆ ಗೊತ್ತಾಗೋದು ಬೇಡ.’

ಇದು ಅವರೊಬ್ಬರ ಮಾತಲ್ಲ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಶುಗರ್ ಡಾಕ್ಟರಿಂದ ಮುಚ್ಚಿಡುವುದು ನಾನು ಕಂಡ ಎಲ್ಲ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು. ನಾಚಿಕೆಗೆ ಮುಚ್ಚಿಟ್ಟದ್ದು ದೇಹಕ್ಕೆ ಪೆಟ್ಟು ಕೊಡುತ್ತದೆ. ಹೇಗೆಂದರೆ:

ಒಲಾಂಜಪೈನ್‌ನಂಥ ಮಾತ್ರೆ ತೂಕ ಮತ್ತು ಶುಗರ್ ಎರಡನ್ನೂ ಏರಿಸಬಹುದು. ವಿಷಯ ತಿಳಿಯದ ಶುಗರ್ ಡಾಕ್ಟರು ಇನ್ಸುಲಿನ್ ಏರಿಸುತ್ತ ಹೋಗುತ್ತಾರೆ, ಮನೆಯಲ್ಲಿ ‘ಕದ್ದು ತಿಂತೀಯ’ ಎಂಬ ಬೈಗುಳ ಬೇರೆ.

ಗಾಬರಿಗೆಂದು ಕೊಡುವ ಪ್ರೊಪ್ರನೊಲಾಲ್, ಶುಗರ್ ಇಳಿದಾಗ ಬರುವ ನಡುಕ ಮತ್ತು ಎದೆಬಡಿತವನ್ನು ಅಡಗಿಸಿಬಿಡಬಹುದು. ಬೆವರು ಮಾತ್ರ ಉಳಿಯುತ್ತದೆ. ಇದನ್ನು ತೆಗೆದುಕೊಳ್ಳುವವರು ಬೆವರಿದರೂ ಸಾಕು, ಮೀಟರ್ ಹಿಡಿಯಬೇಕು.

ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ಜೊತೆಗೆ ಆಸ್ಪಿರಿನ್ ಅಥವಾ ಮಂಡಿನೋವಿನ ಡೈಕ್ಲೋಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವೈದ್ಯರಿಗೆ ಗೊತ್ತಿದ್ದರೆ ಹೊಟ್ಟೆಯ ರಕ್ಷಣೆಗೆ ಮಾತ್ರೆ ಸೇರಿಸುತ್ತಾರೆ ಅಥವಾ ನೋವಿನ ಮಾತ್ರೆ ಬದಲಿಸುತ್ತಾರೆ. ಟ್ರಮಡಾಲ್ ಎಂಬ ನೋವಿನ ಮಾತ್ರೆಯಂತೂ ಖಿನ್ನತೆಯ ಈ ಮಾತ್ರೆಗಳ ಜೊತೆ ಹೇಳದೆ ಕೇಳದೆ ಸೇರಲೇಬಾರದು.

ಮಂಡಿನೋವು, ಉಬ್ಬಸಕ್ಕೆಂದು ಕೊಡುವ ಸ್ಟೀರಾಯ್ಡ್ ಶುಗರನ್ನೂ ಏರಿಸುತ್ತದೆ, ಮನಸ್ಸನ್ನೂ ಕೆಡಿಸಬಹುದು. ಅದು ಮನೋವೈದ್ಯರಿಗೆ ಗೊತ್ತಿರಬೇಕು.

ಮಾಡಬೇಕಾದ್ದು ಇಷ್ಟು. ಒಂದು ಹಾಳೆಯಲ್ಲಿ ಎಲ್ಲ ಮಾತ್ರೆಗಳ ಹೆಸರು, ಎಷ್ಟು ಎಂಜಿ, ಯಾವ ಹೊತ್ತಿಗೆ, ಯಾರು ಬರೆದದ್ದು, ಯಾವ ತಿಂಗಳಿಂದ ಎಂದು ಬರೆಯಿರಿ. ಬ್ರಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನೂ ಬರೆಯಿರಿ, ಇಲ್ಲವೇ ಅಂಗಡಿಯವರ ಕೈಲಿ ಬರೆಸಿ. ಒಂದೇ ಔಷಧವನ್ನು ಎರಡು ಬ್ರಾಂಡಿನಲ್ಲಿ ಇಬ್ಬರು ಬರೆದಿರುವುದು ಹೀಗೇ ಸಿಕ್ಕಿಬೀಳುವುದು. ಮಾತ್ರೆ ಕತ್ತರಿಸಿ ಕೊಡುವಾಗ ಹೆಸರು, ಎಕ್ಸ್‌ಪೈರಿ ಇರುವ ತುದಿಯ ಫೋಟೊ ತೆಗೆದುಕೊಳ್ಳಿ. ಆಯುರ್ವೇದದ ಪುಡಿ, ಯಾರೋ ಕೊಟ್ಟ ಲೇಹ್ಯವೂ ಪಟ್ಟಿಯಲ್ಲಿರಲಿ. ಪಟ್ಟಿಯ ಹಿಂದೆ ಪಿಎಚ್‌ಕ್ಯೂ ಹಾಳೆ, ಅದರ ಹಿಂದೆ ರಕ್ತ ಪರೀಕ್ಷೆ. ಯಾವ ವೈದ್ಯರ ಹತ್ತಿರ ಹೋದರೂ ಇದೇ ಫೈಲು.

ಹಂತ 4: ವೈದ್ಯರ ಮುಂದೆ ಏನು ಹೇಳಬೇಕು

ಸರದಿ ಬಂದಾಗ ಸಿಗುವುದು ಕೆಲವೇ ನಿಮಿಷ. ‘ನಿದ್ದೆ ಬರಲ್ಲ ಸಾರ್’ ಎಂದಷ್ಟೇ ಹೇಳಿದರೆ ನಿದ್ದೆ ಮಾತ್ರೆ ಸಿಗುತ್ತದೆ, ಅಷ್ಟೇ. ಹೀಗೆ ಹೇಳಿ: ‘ಯುಗಾದಿ ಆದಮೇಲೆ ಶುರುವಾಯ್ತು. ಬೆಳಗ್ಗೆ ಮೂರಕ್ಕೆ ಎಚ್ಚರ ಆಗತ್ತೆ. ಭಜನೆಗೆ ಹೋಗೋದು ಬಿಟ್ಟಿದೀನಿ. ವಾರದಲ್ಲಿ ಎರಡು ಮೂರು ಸಲ ಶುಗರ್ ಮಾತ್ರೆ ಮರೀತೀನಿ. ಈ ಪಟ್ಟಿಯಲ್ಲಿ 13 ಬಂದಿದೆ.’ ಯಾವಾಗಿಂದ, ಏನು ನಿಂತುಹೋಗಿದೆ, ಎಷ್ಟು ಅಂಕ ಎಂಬುದಿದ್ದರೆ ವೈದ್ಯರಿಗೆ ಹಿಡಿ ಸಿಗುತ್ತದೆ.

ಇನ್ನೊಂದು ಮಾತು: ಈ ‘ನಿದ್ದೆ ಮಾತ್ರೆ’ಗಳಲ್ಲಿ ಒಂದಾದ ಆಲ್‌ಪ್ರಜೋಲಮ್ ಮಾತ್ರೆಯನ್ನು ಚೀಟಿ ಇಲ್ಲದೆ ಕೊಡಿ ಎಂದು ಅಂಗಡಿಯಲ್ಲಿ ಗೋಗರೆಯಬೇಡಿ. ಅದು ಎಚ್1 ಪಟ್ಟಿಯ ಔಷಧ, ಕೊಟ್ಟದ್ದಕ್ಕೆಲ್ಲ ರಿಜಿಸ್ಟರಿನಲ್ಲಿ ಲೆಕ್ಕವಿಡಬೇಕು. ಅಭ್ಯಾಸವಾಗುವುದು ಈ ಜಾತಿಯ ಮಾತ್ರೆಯೇ ಹೊರತು ಖಿನ್ನತೆಯ ಮಾತ್ರೆಗಳಲ್ಲ. ಜನ ಹೆದರುವುದು ಮಾತ್ರ ತಿರುಗುಮುರುಗು.

ಹಂತ 5: ಮಾತ್ರೆ ಶುರುವಾದ ಮೇಲೆ

ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಇರಬಹುದು. ಒಂದೇ ವಾರಕ್ಕೆ ‘ಆಗಿಬರಲಿಲ್ಲ’ ಎಂದು ಬಿಡುವವರಿದ್ದಾರೆ. ಸಂಕಟ ಅಥವಾ ಚಡಪಡಿಕೆ ಜಾಸ್ತಿಯಾದರೆ ವೈದ್ಯರಿಗೆ ಫೋನ್ ಮಾಡಿ. ಮನಸ್ಸು ತಿಳಿಯಾಗಿ ಹಸಿವು, ಓಡಾಟ ಬದಲಾದಂತೆ ಶುಗರ್ ಕೂಡ ಬದಲಾಗುತ್ತದೆ. ಮೊದಲ ತಿಂಗಳು ಮೀಟರಿನಲ್ಲಿ ಹೆಚ್ಚು ಸಲ ನೋಡಿಕೊಳ್ಳಿ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. ನಿಲ್ಲಿಸುವುದಾದರೂ ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು. ನಾಲ್ಕು ವಾರಕ್ಕೊಮ್ಮೆ ಪಿಎಚ್‌ಕ್ಯೂ ತುಂಬಿಸಿ ಫೈಲಿಗೆ ಸೇರಿಸಿ.

ಹಂತ 6: ನಡಿಗೆ, ನಿದ್ದೆ, ಎಲ್ಲಿಗೆ ಹೋಗಬೇಕು

ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಶುಗರಿಗೂ ಮನಸ್ಸಿಗೂ ಒಳ್ಳೆಯದು. ಕುಗ್ಗಿದವರಿಗೆ ಊಟವಾದ ಮೇಲಿನ ಹತ್ತು ನಿಮಿಷದಿಂದ ಶುರುಮಾಡಿಸಿ, ಜೊತೆಗೆ ನೀವೂ ಹೋಗಿ. ‘ವಾಕಿಂಗ್ ಮಾಡು, ಎಲ್ಲ ಸರಿಹೋಗತ್ತೆ’ ಎಂಬ ಉಪದೇಶ ಬೇಡ. ನಡಿಗೆ ಚಿಕಿತ್ಸೆಗೆ ಜೊತೆ, ಬದಲಿಯಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲ್ಲೂಕಿನದು ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಶುಗರ್ ಚೆಕಪ್‌ಗೆ ಹೋಗುವಾಗ ಪಿಎಚ್‌ಕ್ಯೂ ಹಾಳೆ ಎಲ್ಲಕ್ಕಿಂತ ಮೇಲಿರಲಿ. ಡಾಕ್ಟರು ಕೇಳದಿದ್ದರೆ ನೀವೇ ತೋರಿಸಿ.